ಅತ್ತೆ ಇಳಿದ ಬೀಚ್

ನಾಲ್ಕು ಹನಿ ಬಿದ್ದದ್ದೇ ತಡ, ಅತ್ತೆ ಆಟೊದಿಂದ ಇಳಿದು ಮರಳಿನ ಮೇಲೆ ಓಡಿದರು.

ವಿಶಾಖಪಟ್ಟಣದಲ್ಲಿ ಬೆಳಗಿನಿಂದ ಮೂರು ಬೀಚ್ ಸುತ್ತಿದ್ದೆವು. ಒಂದರಲ್ಲಿ ಕಾಲೂರಲು ಜಾಗವಿಲ್ಲ, ಇನ್ನೊಂದರಲ್ಲಿ ಅಲೆ ಜೋರು, ಮತ್ತೊಂದರಲ್ಲಿ ನೆರಳೇ ಇಲ್ಲ. ಫೋನು ನೋಡಿ ನೋಡಿ ಒಳ್ಳೆಯ ಬೀಚ್ ಹುಡುಕುವುದರಲ್ಲೇ ಸಾಕಾಗಿ, ಲಾಡ್ಜಿಗೆ ವಾಪಸಾಗುತ್ತಿದ್ದೆವು. ಅತ್ತೆಯಂತೂ ಎಲ್ಲಿಯೂ ಆಟೊ ಇಳಿದಿರಲಿಲ್ಲ.

ಈಗ ನೋಡಿದರೆ, ಮೀನುಗಾರ ಹೆಂಗಸರ ಜೊತೆ ಬಗ್ಗಿ, ಒಣಹಾಕಿದ ಮೀನನ್ನು ಬುಟ್ಟಿಗೆ ತುಂಬುತ್ತಿದ್ದಾರೆ! ಕೊರಳಲ್ಲಿ ಲಿಂಗ ಕಟ್ಟಿದವರು, ಮೀನು ಬೇಯಿಸುವ ಹೋಟೆಲಿನಲ್ಲಿ ನೀರೂ ಕುಡಿಯದವರು. ದೂರದಿಂದ ಅದು ಅವರಿಗೆ ನಮ್ಮ ಬಶೀರಾಬಾದಿನ ಕಣದಲ್ಲಿ ಹರವಿದ ತೊಗರಿಯಂತೆ ಕಂಡಿತ್ತಂತೆ.

"ಅತ್ತಿ, ಮೀನ ಅದರಿ ಅದು!" ಎಂದೆ.

"ಮುಟ್ಟಿದ ಮ್ಯಾಲ ಗೊತ್ತಾತು. ಮಳಿ ಬರಾಕತ್ತದ, ಅರ್ಧಕ್ಕ ಬಿಟ್ಟು ಹ್ಯಾಂಗ ಬರ್ಲಿ? ನೀನೂ ಒಂದು ಬುಟ್ಟಿ ಹಿಡಿ."

ಯಾವ ಬೀಚ್ ಚೆಂದ ಎಂದು ಊರಿನವರು ಕೇಳುತ್ತಾರೆ. ನಾವು ನಿಂತ ಆ ಜಾಗದ ಹೆಸರು ನಮಗೆ ಗೊತ್ತಿಲ್ಲ. ಇಲ್ಲಿ ಮೋಡ ಕವಿದಾಗಲೆಲ್ಲ ಅತ್ತೆ ಮಾತ್ರ ಬಾಗಿಲಿಗೆ ಬಂದು, "ಆ ಹೆಣ್ಮಕ್ಕಳು ಮೀನ ಎತ್ತಿಟ್ಟಾರೋ ಇಲ್ಲೋ" ಎನ್ನುತ್ತಾರೆ.