ಸೊನ್ನೆ ಮೇಡಂ

ವಿಶ್ವವಿದ್ಯಾಲಯದ ಮೂರನೇ ಮಹಡಿಯ ಲ್ಯಾಬಿನಲ್ಲಿ ವೆಬ್ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಆಕೆಯನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಸೊನ್ನೆ ಮೇಡಂ ಎನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಹೇಸಿಗೆಯಾಗುತ್ತಿದ್ದದ್ದು ಆ ಲ್ಯಾಬ್ ಕಂಡರೆ. ಯಾರ್ಯಾರದೋ ಬೆರಳ ಜಿಡ್ಡು ಮೆತ್ತಿ ಕಪ್ಪಾದ ಕೀಬೋರ್ಡುಗಳು, ಮೇಜಿನ ಅಡಿಯಲ್ಲಿ ಅಂಟಿಸಿಟ್ಟ ಚೂಯಿಂಗ್ ಗಮ್, ಕಿಟಕಿ ತೆರೆದರೂ ಹೋಗದ ಬೆವರಿನ ಕಮಟು.

ಆ ವರ್ಷ ವಿಭಾಗದ ಮುಖ್ಯಸ್ಥರು ವೆಬ್ ಪ್ರೋಗ್ರಾಮಿಂಗ್ ವಿಷಯಕ್ಕೆಂದೇ ಒಂದು ನಿಯಮಾವಳಿ ಮಾಡಿ ವಿಭಾಗದ ಜಾಲತಾಣದಲ್ಲಿ ಹಾಕಿದರು. ತಡವಾಗಿ ಕೊಟ್ಟರೆ ಅಂಕ ಕಡಿತ. ಕಾಪಿ ಹೊಡೆದರೆ ಕೊಟ್ಟವನಿಗೂ ಸೊನ್ನೆ, ತೆಗೆದುಕೊಂಡವನಿಗೂ ಸೊನ್ನೆ. ಮೊದಲ ಸಾಲುಗಳನ್ನು ಓದಿಯೇ ಆಕೆಗೆ ಖುಷಿಯಾಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಗಂಡನಿಗೆ, "ಅಂತೂ ಒಬ್ಬರಿಗಾದ್ರೂ ಬುದ್ಧಿ ಬಂತು ಕಣ್ರೀ" ಎಂದಳು.

ಮೊದಲ ಅಸೈನ್‌ಮೆಂಟು ಸುಲಭದ್ದು. ಇಷ್ಟವಾದ ಅಂಗಡಿಯೊಂದಕ್ಕೆ ವೆಬ್ ಪುಟ ಮಾಡಬೇಕು, ಗಿರಾಕಿ ಹೆಸರು ವಿಳಾಸ ತುಂಬಲು ಒಂದು ಫಾರಂ ಇರಬೇಕು. ಬಂದದ್ದೆಲ್ಲ ಹಣ್ಣಿನ ಅಂಗಡಿಯೇ. ಒಬ್ಬನದು ಹಸಿರು, ಇನ್ನೊಬ್ಬಳದು ನೀಲಿ. ಒಳಗೆ ಅವೇ ಸಾಲು, ಅವೇ ಕಾಗುಣಿತದ ತಪ್ಪು. ಮೊದಲು ಬರೆದವನ ಫೋನ್ ನಂಬರನ್ನು ಅಳಿಸುವ ಕಷ್ಟವನ್ನೂ ಕೆಲವರು ತೆಗೆದುಕೊಂಡಿರಲಿಲ್ಲ. ಒಂದೇ ಎಂಜಲು ತಟ್ಟೆಯನ್ನು ಇಡೀ ತರಗತಿ ಸರದಿಯಲ್ಲಿ ನೆಕ್ಕಿ ತನ್ನ ಮುಂದೆ ತಳ್ಳಿದಂತೆ ಆಕೆಗೆ ಅನ್ನಿಸಿತು. ಸ್ವಂತ ಬರೆದ ಬೆರಳೆಣಿಕೆಯವರನ್ನು ಬಿಟ್ಟು ಎಲ್ಲರಿಗೂ ಸೊನ್ನೆ ಹಾಕಿದಳು.

ಮರುದಿನ ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದಳು. ಎಲ್ಲದಕ್ಕೂ ವಾದ ಹೂಡುತ್ತಿದ್ದ ಅವಳಿಗೆ ವಕೀಲೆ ಎಂದೇ ಹೆಸರು.

"ನಾನು ಕಾಪಿ ಹೊಡೆದಿದ್ದು ನಿಜ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಈ ನಿಯಮನ ನೀವು ಕೊನೇ ತನಕ ಓದಿದೀರಾ?"

ಕೊನೆಯಲ್ಲಿ ಹೀಗಿತ್ತು: ಅಂಕದ ಬಗ್ಗೆ ದೂರು ಇರುವವರು ದೋಣಿಮನೆಯ ಪಕ್ಕದ ಕಚೇರಿಗೆ ಅರ್ಜಿ ಕೊಡಬೇಕು.

"ನಮ್ಮಲ್ಲಿ ದೋಣಿಮನೆ ಎಲ್ಲಿದೆ ಮೇಡಂ? ದೋಣಿ ಬಿಡೋಕೆ ಒಂದು ಹೊಂಡಾನೂ ಇಲ್ವಲ್ಲ." ವಕೀಲೆ ಮೊಬೈಲ್ ಮುಂದೆ ಹಿಡಿದಳು. ಯಾವುದೋ ದೂರದ ವಿಶ್ವವಿದ್ಯಾಲಯದ ಪುಟ. ಅದನ್ನೇ ನಮ್ಮ ಭಾಷೆಗೆ ಮಕ್ಕಿಕಾಮಕ್ಕಿ ಇಳಿಸಿದ್ದರು.

ಆಕೆ ನೇರ ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಗುಂಡುಸೂಜಿಯಲ್ಲಿ ಹಲ್ಲು ಕೆದಕುತ್ತಾ ಕೇಳಿಸಿಕೊಂಡರು.

"ನಿಯಮ ಅಂದ್ಮೇಲೆ ಎಲ್ಲಾ ಕಡೆ ಒಂದೇ ಅಲ್ವೇನಮ್ಮಾ? ಅದನ್ನೂ ಯಾರಾದ್ರೂ ಕೂತ್ಕೊಂಡು ಹೊಸದಾಗಿ ಬರೀತಾರಾ?" ಸೂಜಿಯ ತುದಿಯನ್ನು ನೋಡಿ ಮೇಜಿನಂಚಿಗೆ ಒರೆಸಿದರು. "ಇಷ್ಟೊಂದು ಸೊನ್ನೆ ಹಾಕಿದ್ರೆ ವಿಭಾಗದ ಮರ್ಯಾದೆ ಏನಾಗ್ಬೇಕು? ಪಾಸ್ ಮಾಡಿ ಕೈ ತೊಳ್ಕೊಳ್ಳಿ."

"ಹಾಗಾದ್ರೆ ಮೊದಲ ಸೊನ್ನೆ ನಿಮಗೇ ಹಾಕ್ಬೇಕಾಗತ್ತೆ ಸರ್."

ತಮಾಷೆಯೆಂದುಕೊಂಡು ಅವರು ಬಾಯ್ತುಂಬ ನಕ್ಕರು.

ಮನೆಯಲ್ಲಿ ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೇಳಿದಳು. ವಿಷಯ ಕೇಳಿದ ಅತ್ತೆ, "ಬೇಲಿನೇ ಎದ್ದು ಹೊಲ ಮೇಯ್ತಿದ್ರೆ ದನಕ್ಯಾಕೆ ಬೈತೀಯಾ?" ಎಂದರು.

"ದನಾನೂ ಮೇದಿದೆ ಅತ್ತೆ."

ಮರುದಿನ ತರಗತಿಗೆ ಹೋಗಿ ಆಕೆ ಹೇಳಿದಳು: "ಆ ನಿಯಮ ಬಿಟ್ಬಿಡಿ, ಅದೂ ಕಾಪಿನೇ. ಇನ್ಮೇಲೆ ಒಬ್ಬೊಬ್ರೇ ನನ್ನ ಪಕ್ಕ ಕೂತು, ನಿಮ್ಮ ಪುಟದಲ್ಲಿ ನಾನು ಹೇಳಿದ್ದನ್ನ ಬದಲಾಯಿಸಿ ತೋರಿಸ್ಬೇಕು. ಬಂದ್ರೆ ಅಂಕ. ಬರದಿದ್ರೆ ಕಲಿತು ಇನ್ನೊಂದ್ಸಲ ಬನ್ನಿ."

ಕೇಳಿದ್ದು ದೊಡ್ಡದೇನಲ್ಲ. ಹೆಸರು ಬರೆಯದೆ ಫಾರಂ ಕಳಿಸಿದರೆ ಅದು ಎಚ್ಚರಿಸಬೇಕು, ಅಷ್ಟೆ. "ನಾನೇ ಮಾಡಿದ್ದು ಮೇಡಂ, ಈಗ ಮರ್ತೋಗಿದೆ" ಎಂದ ಒಬ್ಬ. ಒಬ್ಬಳು ಅತ್ತಳು. ಇನ್ನೊಬ್ಬನ ಅಪ್ಪ ಫೋನ್ ಮಾಡಿ, ತಾವು ಯಾರ್ಯಾರಿಗೆ ಬೇಕಾದವರು ಎಂದು ವಿವರಿಸಿದರು. ವಕೀಲೆಗೂ ಬರಲಿಲ್ಲ. ಆದರೆ ಅವಳು ಮುಂದಿನ ವಾರ ಮತ್ತೆ ಬಂದು, ಹಣ್ಣಿನ ಅಂಗಡಿಯನ್ನೇ ಕಿತ್ತುಹಾಕಿ, ಬೀಗ ರಿಪೇರಿ ಅಂಗಡಿಯೊಂದನ್ನು ಮೊದಲಿನಿಂದ ಮಾಡಿ ತೋರಿಸಿದಳು. ಉಳಿದವರಲ್ಲಿ ಮತ್ತೆ ಬಂದವರು ಅಪರೂಪ.

ಆಕೆ ಅವರವರಿಗೆ ಬಂದಷ್ಟೇ ಅಂಕ ಹಾಕಿ ಪಟ್ಟಿಯನ್ನು ಮುಖ್ಯಸ್ಥರಿಗೆ ಕಳಿಸಿದಳು. ಫಲಿತಾಂಶ ಬಂದಾಗ ಎಲ್ಲರೂ ಪಾಸು. ಅಷ್ಟೇ ಅಲ್ಲ, ಎಲ್ಲರದ್ದೂ ಒಂದೇ ಅಂಕ. ಮುಖ್ಯಸ್ಥರು ಕಂಪ್ಯೂಟರಿನ ಅಂಕಪಟ್ಟಿಯಲ್ಲಿ ಮೊದಲ ಹೆಸರಿನ ಮುಂದೆ ಒಂದು ಸಂಖ್ಯೆ ಬರೆದು ಅದನ್ನೇ ಮೌಸಿನಿಂದ ಕೊನೆಯ ಹೆಸರಿನವರೆಗೂ ಎಳೆದಿದ್ದರು.

"ನಂಗೂ ಅದೇನಾ ಮೇಡಂ?" ಎಂದು ವಕೀಲೆ ಕೇಳಿದಳು.

ಪರೀಕ್ಷಾ ವಿಭಾಗದವರು ಸಹಿಗೆ ಕರೆದರು. "ಇದು ನಾನು ಕೊಟ್ಟ ಅಂಕ ಅಲ್ಲ. ಯಾರು ಕೊಟ್ರೋ ಅವರ ಹತ್ರಾನೇ ಸಹಿ ಹಾಕಿಸ್ಕೊಳ್ಳಿ" ಎಂದು ಪೆನ್ನು ಮುಟ್ಟದೆ ಬಂದಳು. ಮುಖ್ಯಸ್ಥರೇ ಸಹಿ ಹಾಕಿದರು. ಮುಂದಿನ ಅವಧಿಗೆ ವೆಬ್ ಪ್ರೋಗ್ರಾಮಿಂಗ್ ಆಕೆಯ ಕೈತಪ್ಪಿತು.

ಈಗ ನೆಲಮಹಡಿಯಲ್ಲಿ ಮೊದಲ ವರ್ಷದವರಿಗೆ ಕಲಿಸುತ್ತಾಳೆ. ಅಲ್ಲೂ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡೇ ಅಂಕ. ಬಿಡುವಿದ್ದಾಗ ವಕೀಲೆ ಇಳಿದು ಬಂದು ತಾನು ಮಾಡಿದ ಪುಟ ತೋರಿಸಿ ಬೈಸಿಕೊಂಡು ಹೋಗುತ್ತಾಳೆ. ಮುಖ್ಯಸ್ಥರು ಮೆಟ್ಟಿಲಲ್ಲಿ ಸಿಕ್ಕರೆ, "ಚೆನ್ನಾಗಿದೀರೇನಮ್ಮಾ?" ಎಂದು ಕೇಳುತ್ತಾರೆ. ಆಕೆ ಕೊಚ್ಚೆ ದಾಟುವವರಂತೆ ಗೋಡೆಯ ಪಕ್ಕಕ್ಕೆ ಸರಿದು ಹೋಗುತ್ತಾಳೆ.