ಮಾಳಿಗೆಗೆ ಓಕಿನ ಹಲಗೆ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ನೆಲ. ಮನೆಯವರ ಮುಖವನ್ನು ಆಮೇಲೆ, ಪುರುಸೊತ್ತಾದರೆ, ನೋಡುತ್ತೇನೆ. ಜನ ಇದನ್ನು ವಿನಯ ಅಂದುಕೊಂಡಿದ್ದಾರೆ. ತಲೆ ತಗ್ಗಿಸಿ ನಡೆಯುವ ಮನುಷ್ಯ ಅಂತ ನಮ್ಮೂರು ಮಂಕಿಯಲ್ಲಿ ನನಗೆ ಒಳ್ಳೆಯ ಹೆಸರೇ ಇದೆ.

ಈ ಚಟ ಹತ್ತಿದ್ದು ಭಟ್ಕಳದಲ್ಲಿ. ತೆಂಗಿನಕಾಯಿ ವ್ಯಾಪಾರಕ್ಕೆಂದು ಒಬ್ಬ ಸಾಹುಕಾರರ ಮನೆಗೆ ಹೋಗಿದ್ದೆ. ಮಾಳಿಗೆಗೆ ಕರೆದು ಚಹಾ ಕೊಟ್ಟರು. ಅಲ್ಲಿ ನೆಲವೆಲ್ಲ ಮರದ ಹಲಗೆ, ಬಗ್ಗಿದರೆ ಮುಖ ಕಾಣುವಷ್ಟು ಹೊಳಪು. “ವಿಲಾಯತಿ ಓಕು,” ಅಂದರು ಸಾಹುಕಾರರು. ನಾನು ಓದಿದ್ದು ನಾಲ್ಕನೇ ಇಯತ್ತೆ; ಅಷ್ಟರೊಳಗೆ ಆ ಮರ ಬಂದಿರಲಿಲ್ಲ. ಆದರೂ, “ನೋಡಿದ ಕೂಡಲೇ ಗೊತ್ತಾಯ್ತು,” ಅಂದೆ.

ನಿಜ ಹೇಳಬೇಕೆಂದರೆ ನನ್ನನ್ನು ಕೆಡಿಸಿದ್ದು ಹೊಳಪಲ್ಲ, ಸಪ್ಪಳ. ಸಾಹುಕಾರರು ಹೆಜ್ಜೆ ಇಟ್ಟರೆ ಕೆಳಗಿದ್ದವರಿಗೆಲ್ಲ ಕೇಳುತ್ತಿತ್ತು. ಸಗಣಿ ಸಾರಿಸಿದ ನೆಲಕ್ಕೆ ಈ ಮರ್ಯಾದೆ ಗೊತ್ತಿಲ್ಲ. ಅದಕ್ಕೆ ಯಜಮಾನ ಬಂದರೂ ಒಂದೇ, ಕೋಳಿ ಬಂದರೂ ಒಂದೇ.

ಆಗ ನಮ್ಮದೂ ಹೊಸ ಮನೆ ಏಳುತ್ತಿತ್ತು. ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಅಕ್ಕ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ “ತಮ್ಮ ಒಂದು ದೊಡ್ಡವನಾಗಲಿ” ಅನ್ನುತ್ತಿದ್ದಳು. ನಾನು ದೊಡ್ಡವನಾಗುವುದಕ್ಕೆ ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಕೇಳಿಕೊಂಡು ಬರುವವರೂ ನಿಂತರು, ಅವಳ ಮೊಣಕಾಲೂ ಹೋಯಿತು.

ಹೊಸ ಮನೆಯಲ್ಲಿ ಅವಳು ಕೇಳಿದ್ದು ಒಂದೇ. “ತಮಾ, ಅಡಿಗೆಮನೆಗೊಂದು ಸಿಮೆಂಟ್ ನೆಲ ಮಾಡ್ಸು. ಮೊಣಕಾಲೂರಿ ಸಾರ್ಸೂಕೆ ನಂಗೆ ಇನ್ನು ಆಗೂದಿಲ್ಲ.”

“ಆತು, ನೋಡ್ವ,” ಅಂದೆ. ನಮ್ಮ ಕಡೆ ಗಂಡಸರು ಇಲ್ಲ ಅನ್ನುವುದು ಹೀಗೆ.

ಅಡಿಗೆಮನೆಗೆ ಸಿಮೆಂಟು, ಮಾಳಿಗೆಗೆ ಹಲಗೆ ಎರಡೂ ಆಗುವ ತಾಕತ್ತು ನಮಗಿರಲಿಲ್ಲ. ಅಡಿಗೆಮನೆಯ ನೆಲವನ್ನು ಯಾರು ನೋಡುತ್ತಾರೆ? ಅಕ್ಕ ನೋಡುತ್ತಾಳೆ, ಅದು ಲೆಕ್ಕಕ್ಕೆ ಬರಲಿಲ್ಲ. ಓಕು ಹುಡುಕಿಕೊಂಡು ಕುಮಟೆಗೆ ಹೋದೆ. ಮರದ ಅಡತಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸುತ್ತ ಇಷ್ಟು ಕಾಡು ಬಿದ್ದಿದೆ ಮಾರಾಯ, ನಿಮಗೆ ಇಲ್ಲಿಲ್ಲದ ಮರವೇ ಬೇಕಾ?” ಅಂದ. ನನಗೆ ಬೇಕಾದದ್ದು ಸರಿಯಾಗಿ ಅದೇ ಆಗಿತ್ತು.

ಕೊನೆಗೆ ನಮ್ಮ ಆಚಾರಿ ಸಮಾಧಾನ ಹೇಳಿದ. ನಾನು ಏನು ಹೇಳಿದರೂ ಹೌದು ಅನ್ನುವುದು ಅವನ ಕಸುಬಿನ ಅರ್ಧ. “ನಮ್ಮ ಕಾಡಿನ ಮತ್ತಿ ಹಲಗೆಗೆ ಎರಡು ಸಲ ಎಣ್ಣೆ ಕುಡಿಸಿದ್ರೆ ಓಕಿನ ಅಪ್ಪ ಆಗ್ತದೆ ಒಡೆಯಾ.” ಮರ ಹಸಿ ಇತ್ತು, ಆರಿಸಬೇಕಿತ್ತು. ನನಗೆ ಅವಸರ. ಮಳೆ ನಿಂತ ಕೂಡಲೇ ಹಲಗೆ ಹೊಡೆಸಿದೆ. ಬೇಸಿಗೆ ಬಂದಾಗ ಮರ ತನ್ನ ಪಾಡಿಗೆ ಒಣಗಿ, ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟಿತು. “ಗಾಳಿಗೆ ಒಳ್ಳೇದು,” ಅಂದ ಆಚಾರಿ.

ಗೃಹಪ್ರವೇಶದ ಪೂಜೆ ಮಾಳಿಗೆಯಲ್ಲೇ ಆಗಬೇಕೆಂದು ಹಟ ಹಿಡಿದೆ. ಬಂದವರೆಲ್ಲ ಮೇಲೆ ಹತ್ತಬೇಕು, ಸಪ್ಪಳ ಮಾಡಬೇಕು. ಭಟ್ಟರು ಹತ್ತಿ ಬಂದವರು, “ಸಾರಿಸದ ನೆಲಕ್ಕೆ ರಂಗೋಲಿ ಹಾಕುವುದು ಹೇಗೆ? ಒಂದು ಕೈ ಸಗಣಿ ಬಳಿಸಿ,” ಅಂದರು. ಯಾರು ಬಳಿಯಬೇಕು? ಅಕ್ಕನನ್ನೇ ಕೂಗಿದೆ. ಅವಳು ಒಂದು ಕೈಯಲ್ಲಿ ಬಾಲ್ದಿ, ಇನ್ನೊಂದರಲ್ಲಿ ಗೋಡೆ ಹಿಡಿದು ಹತ್ತಿದಳು. ನನ್ನ ವಿಲಾಯತಿ ಹೊಳಪಿನ ಮೇಲೆ ಮೊಣಕಾಲೂರಿ ಸಗಣಿನೀರು ಬಳಿದಳು.

ಎಣ್ಣೆ ಕುಡಿದ ಮರ ಸಗಣಿ ಕುಡಿಯಲಿಲ್ಲ. ಸಗಣಿನೀರು ಸಂದಿ ಹುಡುಕಿಕೊಂಡು ಇಳಿಯಿತು. ಕೆಳಗೆ ಅಡಿಗೆಮನೆಯಲ್ಲಿ ಹೆಂಗಸರು “ಅಯ್ಯಯ್ಯೋ, ಅನ್ನ ಮುಚ್ಚಿ!” ಅಂತ ಕೂಗಿದರು. ಅಕ್ಕ ಕೂತಲ್ಲಿಂದಲೇ ತಲೆ ಎತ್ತಿ, “ತಮಾ, ನಿನ್ನ ಓಕು ಸೋರ್ತು,” ಅಂದಳು. ಭಟ್ಟರೂ ನಕ್ಕರು. ನಾನು ನಗಲಿಲ್ಲ. ಏಳುವುದಕ್ಕೆ ಅವಳು ಕೈ ಚಾಚಿದ್ದಳು. ಹಿಡಿದವನು ನಾನಲ್ಲ, ಪಕ್ಕದ ಮನೆಯವಳು.

ಅಂದಿನಿಂದ ಅಕ್ಕನಿಗೆ ಸಾರಿಸಲು ಎರಡು ನೆಲ. ಮಾಳಿಗೆಗೆ ಹಬ್ಬಕ್ಕೊಮ್ಮೆ, ಅಡಿಗೆಮನೆಗೆ ಯಾವಾಗಲೂ. ಹಲಗೆ ಕಿತ್ತು ಹಾಕು ಅಂತ ಅವಳು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ವಾದವಾದರೂ ಮಾಡಬಹುದಿತ್ತು.

ಮೊನ್ನೆ ಅವಳು ಜ್ವರ ಬಂದು ಮಲಗಿದ್ದಾಗ ಅಡಿಗೆಮನೆ ನಾನೇ ಸಾರಿಸಿದೆ. ನಿಂತು ನೋಡಿದರೆ ಅದು ನಾಲ್ಕು ಮಣೆ ಹಾಕುವಷ್ಟು ಜಾಗ. ಮೊಣಕಾಲೂರಿದರೆ ಹೊನ್ನಾವರದ ಹೊಳೆಯಷ್ಟು ಅಗಲ. ಆಚೆ ದಡ ಕಾಣುವುದಿಲ್ಲ. ಅರ್ಧಕ್ಕೆ ಬಂದು ಸೊಂಟ ಹಿಡಿದುಕೊಂಡೆ. ಮಲಗಿದಲ್ಲಿಂದಲೇ ಅಕ್ಕ, “ಒಲೆ ಬದಿ ಬಿಟ್ಟೆ,” ಅಂದಳು.

ಹಲಗೆ ಮಾರುವುದೆಂದು ಅಲ್ಲೇ, ನಾಲ್ಕು ಕಾಲಿನಲ್ಲಿ ನಿಂತೇ, ತೀರ್ಮಾನಿಸಿದೆ. ಬಂದದ್ದರಲ್ಲಿ ಸಿಮೆಂಟು ತರುವುದು. ಕೊಳ್ಳಲು ಬಂದವರಿಗೆ ಮೋಸ ಮಾಡುವ ಮನಸ್ಸಿಲ್ಲ. “ಇದನ್ನು ಒರೆಸುವವರು ಯಾರು ಅಂತ ಮೊದಲು ಮನೆಯಲ್ಲಿ ಕೇಳಿ ಬನ್ನಿ” ಎಂದು ಹೇಳಿಯೇ ಕೊಡುತ್ತೇನೆ ಅಂತ ಅಕ್ಕನಿಗೆ ಅಂದೆ.

ಅಕ್ಕ ಜ್ವರದಲ್ಲೂ ಎದ್ದು ಕೂತಳು. “ಹಾಗೆಲ್ಲ ಹೇಳ್ಬೇಡ ಮಾರಾಯಾ. ಒಬ್ಬನೂ ತಕ್ಕಳೂದಿಲ್ಲ.”