ಸುಗುಣಕ್ಕನ ರೊಟ್ಟಿ, ನಮ್ಮ ದೃಢೀಕರಣ

ಆಗೆಲ್ಲ ನಾಶಿಕದ ನಮ್ಮ ಚರ್ಚಿನಲ್ಲಿ ದೃಢೀಕರಣದ ಪಾಠವೆಂದರೆ ಜೋಳದ ಹಿಟ್ಟಿನ ವಾಸನೆ. ಹದಿನಾಲ್ಕು ಹದಿನೈದರ ಮಕ್ಕಳು ಬಿಷಪ್ಪರ ಮುಂದೆ ನಿಂತು ವಿಶ್ವಾಸ ಪ್ರಮಾಣವನ್ನು ಬಾಯಿಪಾಠ ಒಪ್ಪಿಸಬೇಕು; ಆಮೇಲಷ್ಟೇ ದೊಡ್ಡವರ ಜೊತೆ ಪ್ರಭುಭೋಜನದ ಸಂಸ್ಕಾರಕ್ಕೆ ಸೇರಬಹುದು. ನಮ್ಮನ್ನು ತಯಾರು ಮಾಡುವ ಹೊಣೆ ಗದಗಿನ ಕಡೆಯ ಸುಗುಣಕ್ಕನದು. ಭಾನುವಾರ ಆರಾಧನೆಗೆ ಬರುವ ಕನ್ನಡದ ಮನೆಯವರಿಗೆಲ್ಲ ರೊಟ್ಟಿ ಮಾಡುವ ಹೊಣೆಯೂ ಅವರದೇ. ಹಾಗಾಗಿ ಶನಿವಾರ ಮಧ್ಯಾಹ್ನ ನಮ್ಮ ಮುಂದೆ ಪುಸ್ತಕದ ಬದಲು ಹಿಟ್ಟು ಸುರಿದುಬಿಡುತ್ತಿದ್ದರು. ರೊಟ್ಟಿಯ ಬಡಿತಕ್ಕೊಂದು ಪ್ರಮಾಣದ ಮಾತು, ಆಮೆನ್ ಎಂದಾಗ ರೊಟ್ಟಿ ಹಂಚಿಗೆ ಹೋಗಬೇಕು. ಹುಡುಗರಿಗೂ ಬಿಡುಗಡೆ ಇರಲಿಲ್ಲ. ಅವರು ಬಡಿದದ್ದನ್ನು ಅವರೇ ತಿನ್ನಬೇಕಿತ್ತು, ಅಷ್ಟೇ.

ನಮ್ಮಪ್ಪ ಓಝರ್ ಕಡೆಯ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ನನ್ನ ಪಕ್ಕ ಕೂರುತ್ತಿದ್ದ ಮಾರ್ಥಾಳ ಅಪ್ಪ ಅಮ್ಮ ಕಟ್ಟಡದ ಕೂಲಿಗೆ ಬಂದವರು. ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಬಾಯಿ ಮಾತ್ರ ಪ್ರಮಾಣದಲ್ಲಿ ಶಿಲುಬೆಯ ಮಾತಿರುವ ಸಾಲಿಗೆ ಬಂದೊಡನೆ ಕಟ್ಟಿಬಿಡುತ್ತಿತ್ತು. ನಮ್ಮೆಲ್ಲರ ಹಾಗೆ ಅವಳಿಗೂ ಮರಾಠಿ ಸಲೀಸು, ಪುಸ್ತಕದ ಕನ್ನಡ ಕಷ್ಟ.

"ಅಕ್ಕಾರ, ಜಮತ್ ನಾಹೀರಿ."

"ಯಾಕ ಬರಾಂಗಿಲ್ಲ? ಕೈ ನಿಂತತಿ, ಅದಕ್ಕ ಬಾಯಿ ನಿಂತತಿ. ಬಡಿ ಮೊದಲ," ಎನ್ನುತ್ತಿದ್ದರು ಸುಗುಣಕ್ಕ.

ಬಡಿದರೆ ನಿಜಕ್ಕೂ ಬರುತ್ತಿತ್ತು.

ಆ ವರ್ಷ ಮಾರ್ಥಾಳ ಮನೆಯವರ ಸೈಟಿನ ಕೆಲಸ ಮುಗಿದಿತ್ತು. ದೃಢೀಕರಣದ ಮರುದಿನವೇ ದೂರದ ಗಂಗಾಪುರದ ಇನ್ನೊಂದು ಸೈಟಿಗೆ ಹೊರಡಬೇಕು. ಈ ಸಲ ತಪ್ಪಿದರೆ ಬಿಷಪ್ಪರು ಮತ್ತೆ ಯಾವಾಗಲೋ, ಇವಳು ಎಲ್ಲಿಯೋ. "ನನ್ನೊಬ್ಬಾಕಿನ್ನ ಬಿಟ್ಟು ನೀವೆಲ್ಲಾರೂ ಭೋಜನಕ್ಕ ಹೋದ್ರ?" ಎಂದು ಅವಳು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಾಗ ನನಗೂ ಅಳು ಬಂತು.

ಆ ಭಾನುವಾರ ಬಿಳಿ ಬಟ್ಟೆ ತೊಟ್ಟು ಸಾಲಾಗಿ ನಿಂತೆವು. ನನ್ನದು ಹೇಗೋ ಮುಗಿಯಿತು. ಮಾರ್ಥಾ ಚೆನ್ನಾಗಿಯೇ ಶುರುಮಾಡಿದಳು. ಶಿಲುಬೆಯ ಸಾಲಿಗೆ ಬಂದು ನಿಂತುಬಿಟ್ಟಳು. ಕನ್ನಡ ಬಲ್ಲ ಬಿಷಪ್ಪರು ಕಾದರು. ಹಿಂದಿನ ಬೆಂಚಿನಲ್ಲಿ ಅವಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆಗ ಕೇಳಿಸಿತು, ಟಪ್, ಟಪ್. ಮುಂದಿನ ಬೆಂಚಿನಲ್ಲಿ ಕೂತಿದ್ದ ಸುಗುಣಕ್ಕ ಹಾಡಿನ ಪುಸ್ತಕದ ಮೇಲೆ ಅಂಗೈ ಬಡಿಯುತ್ತಿದ್ದರು, ಮುಖ ಮಾತ್ರ ಏನೂ ಅರಿಯದವರಂತೆ. ಮಾರ್ಥಾಳ ಕೈ ಮೆಲ್ಲಗೆ ಮೇಲೆದ್ದು ಬರಿಗಾಳಿಯಲ್ಲಿ ಬಡಿಯತೊಡಗಿತು. ಬಾಯಿ ಬಿಚ್ಚಿತು. ಎಲ್ಲೂ ನಿಲ್ಲದೆ ಕೊನೆ ಮುಟ್ಟಿದಳು. ಆಮೆನ್ ಎಂದವಳೇ ಇಲ್ಲದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಇಲ್ಲದ ಹಂಚಿಗೆ ಹಾಕಿದಳು!

"ಬೆಂತೇನವಾ ರೊಟ್ಟಿ?" ಎಂದರು ಬಿಷಪ್ಪರು.

"ಬೆಂತ್ರಿ."

ಇಡೀ ಚರ್ಚು ನಕ್ಕಿತು. ಬಿಷಪ್ಪರೂ ನಗುತ್ತಲೇ ಅವಳ ತಲೆಯ ಮೇಲೆ ಕೈ ಇಟ್ಟರು.

ಮರುದಿನ ಅವಳು ಹೋದಳು. ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಸುಗುಣಕ್ಕನೂ ಇಲ್ಲ, ಭಾನುವಾರದ ರೊಟ್ಟಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಮಕ್ಕಳನ್ನು ತಯಾರು ಮಾಡುವ ಹೊಣೆ ನನಗೆ ಬಂದಿದೆ. ಅವರು ಮೊಬೈಲಿನಲ್ಲಿ ಕೇಳಿ ಕಲಿಯುತ್ತಾರೆ, ಜಾಣರು. ಮೊನ್ನೆ ಒಬ್ಬ ಹುಡುಗ ಶಿಲುಬೆಯ ಸಾಲಿಗೆ ಬಂದು ನಿಂತುಬಿಟ್ಟ. ನನಗೆ ಅರಿವಿಲ್ಲದೆ ಕೈ ಪುಸ್ತಕದ ಮೇಲೆ ಹೋಯಿತು, ಟಪ್, ಟಪ್.

ನನಗೆ ಸಿಟ್ಟು ಬಂತೆಂದುಕೊಂಡು ಅವನು ತಲೆ ತಗ್ಗಿಸಿದ. "ಸಾರಿ, ಟೀಚರ್."